ಮರೆತ ನ್ಯಾಸ

ಸತ್ಯಾಣುವ್ರತಕ್ಕೆ ಕಳಂಕ ತರುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿ ಇಟ್ಟ ಒಡವೆ. ಇಟ್ಟವನು ಬಂದು ಕೇಳಿದಾಗ ಇಲ್ಲವೆಂದು ಸಾಧಿಸುವುದೇ ಅದರ ಅಪಹಾರವೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಆದರೆ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ರಚಿಸಿದ ಪೂಜ್ಯಪಾದಾಚಾರ್ಯರು ಅದಕ್ಕಿಂತ ಸೂಕ್ಷ್ಮವಾದ ಸಂದರ್ಭವೊಂದನ್ನು ಹಿಡಿದು ತೋರಿಸಿದ್ದಾರೆ. ಹೊನ್ನನ್ನು ಇಟ್ಟವನು ತಾನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಅಷ್ಟೇ ಹೌದೆಂದು ಒಪ್ಪಿಬಿಡುತ್ತಾನೆ. ಇದೇ ನ್ಯಾಸಾಪಹಾರ. ಇಲ್ಲಿ ಅವನು ಯಾವ ಸುಳ್ಳನ್ನೂ ತಾನಾಗಿ ಹುಟ್ಟಿಸಲಿಲ್ಲ, ಯಾರ ಮನೆಗೂ ಕನ್ನ ಹಾಕಲಿಲ್ಲ. ಎದುರಿನವನ ಮರೆವಿಗೆ ತಲೆಯಾಡಿಸಿದನು, ಅಷ್ಟೆ. ಆಚಾರ್ಯಪರಂಪರೆಯು ಇದನ್ನು ಅಚೌರ್ಯದ ಪ್ರಕರಣದಲ್ಲಿ ಸೇರಿಸದೆ ಸತ್ಯದ ಪ್ರಕರಣದಲ್ಲಿ ಸೇರಿಸಿರುವುದು ಗಮನಾರ್ಹವಾಗಿದೆ.

ಈ ವಿಚಾರವು ಹೊನ್ನು ಬೆಳ್ಳಿಗಳನ್ನು ಗಂಟುಕಟ್ಟಿ ಇಡುತ್ತಿದ್ದ ಕಾಲಕ್ಕೇ ಮುಗಿದುಹೋಯಿತೆಂದು ಭಾವಿಸುವವರು, ಅಮೆರಿಕ ದೇಶದಲ್ಲಿ ಹಲವು ದಶಕಗಳಿಂದ ನಡೆದುಬಂದಿರುವ ಒಂದು ವ್ಯವಹಾರವನ್ನು ಗಮನಿಸಬೇಕು. ವಿಷದ್ರವ್ಯಗಳಿಂದ ಕೆಟ್ಟ ನೆಲವನ್ನೂ ನೆಲದಡಿಯ ನೀರನ್ನೂ ಶುದ್ಧಗೊಳಿಸುವ ವೆಚ್ಚಕ್ಕಾಗಿ ಅಲ್ಲಿಯ ಉದ್ಯಮಿಗಳು ಎಂದೋ ಕೊಂಡು, ಎಂದೋ ಅವಧಿ ತೀರಿ, ಮೂಲೆ ಸೇರಿದ ಹೊಣೆಗಾರಿಕೆ ವಿಮೆಯ ಪತ್ರಗಳನ್ನು ಹುಡುಕಿ ತೆಗೆಯುತ್ತಿದ್ದಾರೆ. ಕೊಂಡವನು ತೀರಿಕೊಂಡಿರಬಹುದು, ಕೊಟ್ಟ ಕಂಪನಿಯ ಹೆಸರು ಮೂರು ಸಲ ಬದಲಾಗಿರಬಹುದು. ಆದರೂ ಪತ್ರದಲ್ಲಿ ಬರೆದ ಮಾತು ಸತ್ತಿಲ್ಲವೆಂದು ಅಲ್ಲಿಯ ಅನೇಕ ನ್ಯಾಯಾಲಯಗಳು ಎತ್ತಿಹಿಡಿದಿವೆ.

ಇದಕ್ಕೆ ಹಿನ್ನೆಲೆಯಾದ ಕಾನೂನಿನ ಕಥೆ ನಯಾಗರಾ ಜಲಪಾತದ ಊರಿನಿಂದ ಮೊದಲಾಗುತ್ತದೆ. ಅಲ್ಲಿಯ ಲವ್ ಕೆನಾಲ್ ಎಂಬ ಪಾಳುಬಿದ್ದ ಕಾಲುವೆಯಲ್ಲಿ ಹೂಕರ್ ಎಂಬ ರಸಾಯನ ಕಂಪನಿಯು 1942ರಿಂದ 1953ರವರೆಗೆ ಸುಮಾರು 21,000 ಟನ್ನುಗಳಷ್ಟು ತ್ಯಾಜ್ಯವನ್ನು ಹೂಳಿತು. ಬಳಿಕ ಮಣ್ಣು ಮುಚ್ಚಿ, ಒಂದೇ ಒಂದು ಡಾಲರಿಗೆ ಆ ಜಾಗವನ್ನು ಊರಿನ ಶಾಲಾಮಂಡಲಿಗೆ ಬರೆದುಕೊಟ್ಟಿತು. ಅಡಿಯಲ್ಲಿ ತ್ಯಾಜ್ಯವಿದೆಯೆಂದೂ, ಮುಂದಾಗುವ ಹಾನಿಗೆ ತಾನು ಹೊಣೆಯಲ್ಲವೆಂದೂ ಕ್ರಯಪತ್ರದಲ್ಲಿಯೇ ಬರೆಸಿತ್ತು. ಅದರ ಮೇಲೆ ಶಾಲೆಯಾಯಿತು, ಸುತ್ತಲೂ ಮನೆಗಳಾದವು. 1978ರಲ್ಲಿ ಅಧ್ಯಕ್ಷ ಕಾರ್ಟರ್ ಅವರು ತುರ್ತುಸ್ಥಿತಿಯನ್ನು ಘೋಷಿಸಿ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಬೇಕಾಯಿತು. 1980ರ ಡಿಸೆಂಬರಿನಲ್ಲಿ ಸೂಪರ್‌ಫಂಡ್ ಎಂದು ಹೆಸರಾದ ಶಾಸನ ಬಂದಿತು. ಅದರ ಕಾಠಿಣ್ಯವನ್ನು ಅರಿಯದೆ ಮುಂದಿನದು ಅರ್ಥವಾಗುವುದಿಲ್ಲ. ನೆಲದ ಇಂದಿನ ಒಡೆಯ, ವಿಷ ಬಿದ್ದ ಕಾಲದ ಒಡೆಯ, ವಿಷವನ್ನು ಕಳುಹಿಸಿದವನು, ಸಾಗಿಸಲು ಆ ಜಾಗವನ್ನು ಆರಿಸಿದವನು, ಇವರಲ್ಲಿ ಯಾರನ್ನಾದರೂ ಸರ್ಕಾರವು ಹಿಡಿದು ಪೂರ್ಣ ವೆಚ್ಚವನ್ನು ಕೇಳಬಹುದು. ತಪ್ಪು ಮಾಡಿದನೇ ಇಲ್ಲವೇ ಎಂಬ ವಿಚಾರಣೆ ಬೇಕಿಲ್ಲ. ಆ ಕಾಲದಲ್ಲಿ ಅದು ಕಾನೂನುಸಮ್ಮತವಾಗಿತ್ತೆಂಬ ಸಮಾಧಾನವೂ ಸಲ್ಲದು.

ದೊಡ್ಡ ಕಾರ್ಖಾನೆಗಳಿಗೆ ವಕೀಲರ ದಂಡೇ ಇರುತ್ತದೆ. ಈ ಶಾಸನದ ಮತ್ತು ರಾಜ್ಯಗಳಲ್ಲಿ ಇದನ್ನು ಹೋಲುವ ಶಾಸನಗಳ ಭಾರ ಹೆಚ್ಚು ನೋಯಿಸಿದ್ದು ಸಣ್ಣವರನ್ನು. ಇಂಡಿಯಾನಾದಂತಹ ರಾಜ್ಯದ ಚಿಕ್ಕ ಊರೊಂದರಲ್ಲಿ ಬಟ್ಟೆಗಳನ್ನು ಡ್ರೈಕ್ಲೀನಿಂಗ್ ಮಾಡುವ ಅಂಗಡಿಯನ್ನು ಊಹಿಸಿಕೊಳ್ಳಬಹುದು. ತಂದೆ ನಲವತ್ತು ವರ್ಷ ನಡೆಸಿ ತೀರಿಕೊಂಡಿದ್ದಾನೆ. ಮಗಳು ಅಂಗಡಿಯನ್ನು ಮಾರಲು ಹೊರಡುತ್ತಾಳೆ. ಕೊಳ್ಳುವವನಿಗೆ ಸಾಲ ಕೊಡುವ ಬ್ಯಾಂಕು ಮಣ್ಣಿನ ಪರೀಕ್ಷೆಯನ್ನು ಕೇಳುತ್ತದೆ. ಅಲ್ಲಿಗೆ ಮಾರಾಟ ನಿಲ್ಲುತ್ತದೆ. ಆ ಕಸಬಿನವರು ಪರ್ಕ್ ಎಂದು ಕರೆಯುವ ಪರ್ಕ್ಲೋರೋಎಥಿಲೀನ್ ನೆಲದಡಿಯಲ್ಲಿ ಸಿಕ್ಕಿರುತ್ತದೆ.

ಈ ದ್ರವದ ಸ್ವಭಾವವನ್ನು ತುಸು ವಿವರಿಸಬೇಕು. ಇದು ನೀರಿಗಿಂತ ಒಂದೂವರೆ ಪಾಲಿಗೂ ಹೆಚ್ಚು ಭಾರವಾದುದು. ಎಣ್ಣೆಯಂತೆ ನೀರಿನ ಮೇಲೆ ತೇಲದೆ ಅಂತರ್ಜಲವನ್ನು ಸೀಳಿಕೊಂಡು ಕೆಳಗಿಳಿದು, ಬಂಡೆಯ ಬಿರುಕುಗಳಲ್ಲಿ ಮಡುಗಟ್ಟಿ, ದಶಕಗಳ ಕಾಲ ಸ್ವಲ್ಪಸ್ವಲ್ಪವಾಗಿ ಕರಗುತ್ತಿರುತ್ತದೆ. ಕಾಂಕ್ರೀಟಿನ ನೆಲವೂ ಇದನ್ನು ಪೂರ್ತಿಯಾಗಿ ತಡೆಯಲಾರದು. ಇದರ ಆವಿಯು ಮಣ್ಣಿನೊಳಗಿಂದ ಮೇಲೆದ್ದು ನೆರೆಮನೆಗಳ ನೆಲಮಾಳಿಗೆಯನ್ನು ಹೊಗುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿ ಇದು ಸೇರಿದೆ. ಕುಡಿಯುವ ನೀರಿನಲ್ಲಿ ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೋಗ್ರಾಮ್, ಎಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಐದು ಭಾಗ. ಲೆಕ್ಕ ಹಾಕಿದರೆ ಒಂದು ಲೀಟರ್ ಪರ್ಕ್ ಮೂವತ್ತು ಕೋಟಿ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ತಂದೆಯ ಕಾಲದಲ್ಲಿ ಯಂತ್ರಕ್ಕೆ ಸುರಿಯುವಾಗ ಚೆಲ್ಲಿದ್ದು, ಕೊಳವೆಯ ಸಂದಿನಿಂದ ಸೋರಿದ್ದು, ಬಚ್ಚಲಿಗೆ ಹೋದ ತೊಳೆನೀರಿನಲ್ಲಿ ಬೆರೆತಿದ್ದು, ಇಷ್ಟೇ ಸಾಕು. ಪೃಥ್ವೀಕಾಯಿಕ, ಜಲಕಾಯಿಕ ಜೀವಗಳೆಂದು ಆಗಮವು ಹೇಳಿದಾಗ ಮುಗುಳ್ನಗುವ ವಿದ್ಯಾವಂತರಿಗೆ, ಮಣ್ಣು ನೀರುಗಳಿಗೆ ಮಾಡಿದ ಅಪಚಾರವು ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆಂಬುದನ್ನು ಪ್ರಯೋಗಶಾಲೆಯ ವರದಿಯಾದರೂ ತಿಳಿಸಬಲ್ಲದು.

ಶುದ್ಧೀಕರಣದ ವೆಚ್ಚವು ಅಂಗಡಿಯ ಬೆಲೆಯನ್ನೇ ಮೀರಿಬಿಡಬಹುದು. ಆಗ ಆ ಮಗಳ ಮುಂದೆ ಎರಡು ದಾರಿಗಳು ಕಾಣುತ್ತವೆ: ದಿವಾಳಿ ಎಂದು ಘೋಷಿಸಿ ಕೈತೊಳೆದುಕೊಳ್ಳುವುದು, ಇಲ್ಲವೆ ಬಾಗಿಲು ಮುಚ್ಚಿ ಯಾರಿಗೂ ಹೇಳದೆ ಕುಳಿತುಕೊಳ್ಳುವುದು. ಎರಡರಲ್ಲಿಯೂ ವಿಷವು ನೆಲದೊಳಗೇ ಉಳಿಯುತ್ತದೆ, ನೆರೆಯವರು ಅದನ್ನು ಉಸಿರಾಡುತ್ತಲೇ ಇರುತ್ತಾರೆ. ಮೂರನೆಯ ದಾರಿಯೇ ತಂದೆಯ ಹಳೆಯ ಪಾಲಿಸಿ.

ಅಮೆರಿಕದಲ್ಲಿ ಸಾಮಾನ್ಯ ಹೊಣೆಗಾರಿಕೆಯ ವಿಮೆಯೆಂಬುದನ್ನು ಅಂಗಡಿಕಾರರೆಲ್ಲ ಕೊಳ್ಳುತ್ತಾರೆ. ಗಿರಾಕಿ ಜಾರಿ ಬಿದ್ದರೆ, ನೆರೆಯವನ ಗೋಡೆ ಒಡೆದರೆ, ಪರರಿಗಾದ ಆ ಹಾನಿಯ ಪರಿಹಾರವನ್ನು ಕಂಪನಿಯು ಕೊಡಬೇಕೆಂಬುದು ಅದರ ತಿರುಳು. 1966ರಲ್ಲಿ ಈ ಪತ್ರದ ಮಾದರಿ ವಾಕ್ಯಗಳನ್ನು ಪರಿಷ್ಕರಿಸಿದಾಗ, ಒಮ್ಮೆಲೇ ಆದ ಅಪಘಾತವಷ್ಟೇ ಅಲ್ಲದೆ, ಯಾವುದೋ ಸ್ಥಿತಿಗೆ ಬಹುಕಾಲ ಒಡ್ಡಿಕೊಂಡುದರಿಂದ ಆದ ಹಾನಿಯೂ ಅದರೊಳಗೆ ಬಂದಿತು. ಮುಖ್ಯವಾದ ಮಾತೆಂದರೆ, ಹಾನಿಯು ಪಾಲಿಸಿಯ ಅವಧಿಯೊಳಗೆ ಆಗಿದ್ದರೆ ಸಾಕು. ಅದು ಬೆಳಕಿಗೆ ಬರುವುದು ಎಷ್ಟು ವರ್ಷಗಳ ಮೇಲಾದರೂ ಆಗಬಹುದು. ಕರ್ಮಸಿದ್ಧಾಂತವನ್ನು ಓದಿದವರಿಗೆ ಇಲ್ಲಿ ಆಬಾಧಾಕಾಲದ ನೆನಪಾಗದಿರದು. ಬಂಧವಾದ ಕರ್ಮವು ಕೂಡಲೇ ಫಲ ಕೊಡದೆ ಸತ್ತೆಯಲ್ಲಿದ್ದು, ಕಾಲ ಬಂದಾಗ ಉದಯಕ್ಕೆ ಬರುತ್ತದೆ. ಪರ್ಕ್ ಕೂಡ ಹಾಗೆಯೇ ನೆಲದ ಸತ್ತೆಯಲ್ಲಿತ್ತು. ವಿಚಿತ್ರವೆಂದರೆ ಕಂಪನಿಯ ವಚನವೂ ಅದರ ಜೊತೆಜೊತೆಗೇ ಸತ್ತೆಯಲ್ಲಿತ್ತು. ಹೋಲಿಕೆಯನ್ನು ಇದಕ್ಕಿಂತ ಎಳೆಯುವುದು ಬೇಡ. ಎರಡೂ ಪುದ್ಗಲವೇ ಎಂದು ವಾದಿಸುವ ಉತ್ಸಾಹಿಗಳು ಇದ್ದೇ ಇರುತ್ತಾರೆ.

ಪತ್ರವೇ ಕಳೆದುಹೋಗಿದ್ದರೆ ಏನು ಮಾಡಬೇಕು? ಇದಕ್ಕಾಗಿಯೇ ಅಲ್ಲಿ ಒಂದು ಕಸಬು ಹುಟ್ಟಿಕೊಂಡಿದೆ. ಅದಕ್ಕೆ ವಿಮೆಯ ಪುರಾತತ್ತ್ವವೆಂದೇ ಹೆಸರು. ಶಾಸನಗಳನ್ನು ಓದುವವರು ಸವೆದ ಅಕ್ಷರಗಳಿಂದ ದಾನದ ವಿವರವನ್ನು ಜೋಡಿಸುವಂತೆ, ಇವರು ಹಳೆಯ ಖಾತೆಪುಸ್ತಕದಲ್ಲಿ ಕಂಪನಿಗೆ ಸಂದಾಯವಾದ ಕಂತಿನ ನಮೂದು, ಬ್ಯಾಂಕಿನಿಂದ ಹಿಂದಿರುಗಿದ ಚೆಕ್ಕು, ತೆರಿಗೆಯ ಕಾಗದ, ಜಮೀನುದಾರನಿಗೆ ಅಥವಾ ಸರ್ಕಾರಿ ಗುತ್ತಿಗೆಗಾಗಿ ಒಪ್ಪಿಸಿದ ವಿಮೆಯ ಪ್ರಮಾಣಪತ್ರ, ವಿಮಾ ದಲ್ಲಾಳಿಯ ಕಡತ ಇವುಗಳಿಂದ ಪಾಲಿಸಿಯನ್ನು ಪುನಃ ಕಟ್ಟುತ್ತಾರೆ. ಪಾಲಿಸಿಯ ಸಂಖ್ಯೆಯೊಂದು ಸಿಕ್ಕರೂ ಅದು ದೊಡ್ಡ ಸುಳುಹು. ಆ ವರ್ಷಗಳಲ್ಲಿ ಹೆಚ್ಚಿನ ಕಂಪನಿಗಳು ಒಂದೇ ಮಾದರಿಯ ಮುದ್ರಿತ ನಮೂನೆಗಳನ್ನು ಬಳಸುತ್ತಿದ್ದುದರಿಂದ ಷರತ್ತುಗಳೇನೆಂಬುದನ್ನು ಕೂಡ ತೋರಿಸಿಕೊಡಲು ಸಾಧ್ಯವಾಗುತ್ತದೆ. ಪಾಲಿಸಿ ಇತ್ತೆಂದು ರುಜುವಾತು ಮಾಡುವ ಭಾರ ಮಾತ್ರ ಕೇಳುವವನದೇ. ಆ ಮೇಲೆ ತೊಡಕುಗಳು ಬೇರೆ ಇವೆ. ಸ್ವಂತ ನೆಲಕ್ಕಾದ ಹಾನಿಗೆ ಈ ವಿಮೆ ಸಲ್ಲದು. ಆದರೆ ಅಂತರ್ಜಲವು ಅಂಗಡಿಕಾರನ ಸ್ವಂತದ ಸೊತ್ತಲ್ಲವೆಂದು ಹಲವು ನ್ಯಾಯಾಲಯಗಳು ಹೇಳಿರುವುದರಿಂದ, ನೀರು ಕೆಟ್ಟಿದ್ದರೆ ದಾರಿ ತೆರೆಯುತ್ತದೆ. ಸಂಗತಿ ತಿಳಿದ ಕೂಡಲೇ ಕಂಪನಿಗೆ ತಿಳಿಸಬೇಕು. ತಿಳಿಸದೆ ತನ್ನ ಕೈಯಿಂದ ವೆಚ್ಚ ಮಾಡಿಕೊಂಡವನಿಗೆ ಆ ಹಣ ಹಿಂದಿರುಗದಿರಬಹುದು. ಕಂಪನಿಯು ಒಪ್ಪಿಕೊಂಡರೆ ವಕೀಲರ ವೆಚ್ಚವನ್ನೂ ಅದೇ ಹೊರಬೇಕಾಗುತ್ತದೆ. ಹಳೆಯ ಪತ್ರಗಳಲ್ಲಿ ಆ ವೆಚ್ಚವು ಸಾಮಾನ್ಯವಾಗಿ ಪರಿಹಾರದ ಮೊತ್ತದಿಂದ ಕಳೆಯುವುದಿಲ್ಲ. ಸಣ್ಣ ಅಂಗಡಿಕಾರನಿಗೆ ಇದೇ ದೊಡ್ಡ ಆಸರೆ.

ವಿಮಾ ಕಂಪನಿಗಳ ಪಕ್ಷವನ್ನೂ ಕೇಳಬೇಕು; ಅನೇಕಾಂತವನ್ನು ನಂಬುವವರು ಒಂದೇ ಕಿವಿಯಿಂದ ತೀರ್ಪು ಕೊಡಲಾಗದು. 1960ರಲ್ಲಿ ಪಾಲಿಸಿ ಮಾರಿದಾಗ ಸೂಪರ್‌ಫಂಡ್ ಎಂಬ ಶಾಸನವೇ ಇರಲಿಲ್ಲ, ಅದು ತರುವ ಹೊಣೆಯನ್ನು ಎಣಿಸಿ ಕಂತು ನಿಗದಿ ಮಾಡಿರಲಿಲ್ಲ, ಪಡೆಯದ ಬೆಲೆಗೆ ಸರಕು ಕೊಡೆಂದರೆ ಹೇಗೆ ಎಂಬುದು ಅವುಗಳ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ 1970ರಲ್ಲಿ ನಡೆದ ಸಂಗತಿಯೊಂದು ಈ ವಾದದ ತೂಕವನ್ನು ಕುಗ್ಗಿಸಿತು. ಆ ವರ್ಷ ವಿಮಾ ಉದ್ಯಮವು, ಮಾಲಿನ್ಯದ ಹಾನಿಯು ಹಠಾತ್ತಾಗಿಯೂ ಆಕಸ್ಮಿಕವಾಗಿಯೂ ಆಗಿದ್ದರೆ ಮಾತ್ರ ಪರಿಹಾರವೆಂಬ ಹೊಸ ಷರತ್ತನ್ನು ಸೇರಿಸಲು ರಾಜ್ಯಗಳ ನಿಯಂತ್ರಕರ ಅನುಮತಿ ಕೇಳಿತು. ಇದು ಇದ್ದ ಅರ್ಥವನ್ನೇ ಸ್ಪಷ್ಟಪಡಿಸುವ ಮಾತು, ಹೊಸತಾಗಿ ಏನನ್ನೂ ಕಡಿಮೆ ಮಾಡುತ್ತಿಲ್ಲವೆಂಬ ಭಾವನೆ ಬರುವಂತೆ ನಿವೇದಿಸಿಕೊಂಡಿತು. ಕಂತಿನ ದರವನ್ನೂ ಇಳಿಸಲಿಲ್ಲ. ಮುಂದೆ ಮೊಕದ್ದಮೆಗಳು ಬಂದಾಗ ಅದೇ ಷರತ್ತನ್ನು ಹಿಡಿದು, ಮೆಲ್ಲಮೆಲ್ಲನೆ ಸೋರಿದ್ದಕ್ಕೆ ಏನೂ ಸಲ್ಲದೆಂದು ವಾದಿಸಿತು. 1993ರಲ್ಲಿ ನ್ಯೂ ಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು ಮಾರ್ಟನ್ ಇಂಟರ್‌ನ್ಯಾಷನಲ್ ಕಂಪನಿಯ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಅನುಮತಿ ಪಡೆಯುವಾಗ ಒಂದು ಅರ್ಥ, ಹಣ ಕೊಡುವಾಗ ಇನ್ನೊಂದು ಅರ್ಥ ಹೇಳುವುದಕ್ಕೆ ಆಸ್ಪದವಿಲ್ಲವೆಂಬುದೇ ಆ ತೀರ್ಪಿನ ಸಾರ. ಎಲ್ಲ ರಾಜ್ಯಗಳ ನ್ಯಾಯಾಲಯಗಳೂ ಈ ಹಾದಿ ಹಿಡಿಯಲಿಲ್ಲ. ಷರತ್ತಿನ ಅಕ್ಷರವನ್ನೇ ಎತ್ತಿಹಿಡಿದವೂ ಬಹಳ.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. ಅದೇ ಮೊಕದ್ದಮೆಯಲ್ಲಿ ಮಾರ್ಟನ್ ಕಂಪನಿಯೂ ಸೋತಿತು! ಪಾದರಸದ ಸಂಸ್ಕರಣೆಯ ಕಾರ್ಖಾನೆಯಿಂದ ಬೆರ್ರಿಸ್ ಕ್ರೀಕ್ ಎಂಬ ಹೊಳೆಗೆ ವಿಷ ಹರಿದಿತ್ತು. ಅಧಿಕಾರಿಗಳು ಮತ್ತೆ ಮತ್ತೆ ಎಚ್ಚರಿಸಿದ್ದರೂ ಅದರ ಪೂರ್ವಾಧಿಕಾರಿಗಳು ಬಿಡದೆ ಹರಿಸುತ್ತಲೇ ಇದ್ದರೆಂಬುದು ದಾಖಲೆಗಳಿಂದ ತಿಳಿದುಬಂದಿತು. ತಿಳಿದೂ ಮಾಡಿದ ಹಾನಿಯು ವಿಮೆಯ ಅರ್ಥದಲ್ಲಿ ಘಟನೆಯೇ ಅಲ್ಲವೆಂದು ನ್ಯಾಯಾಲಯವು ಪರಿಹಾರವನ್ನು ನಿರಾಕರಿಸಿತು. ಕಂಪನಿಗಳ ಎರಡು ನಾಲಿಗೆಯನ್ನೂ ಮಾಲಿನ್ಯಕಾರನ ಸಂಕಲ್ಪವನ್ನೂ ಒಂದೇ ತೀರ್ಪಿನಲ್ಲಿ ಹಿಡಿದ ಆ ನ್ಯಾಯಾಧೀಶರು ಜೈನಶಾಸ್ತ್ರವನ್ನು ಓದಿದವರಿರಲಾರರು. ಆದರೂ ಶ್ರಾವಕಾಚಾರದ ವಿಂಗಡಣೆಗೆ ಬಹಳ ಹತ್ತಿರ ಬಂದಿದ್ದಾರೆ. ಗೃಹಸ್ಥನಿಗೆ ಸಂಕಲ್ಪಹಿಂಸೆಯು ಸರ್ವಥಾ ನಿಷಿದ್ಧ. ಕಸಬಿನಲ್ಲಿ ಅನಿವಾರ್ಯವಾಗುವ ಉದ್ಯೋಗಿ ಹಿಂಸೆಯ ನೆಲೆ ಬೇರೆ. ಇವೆರಡರ ನಡುವೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಪ್ರಮಾದಚರ್ಯೆಯಿದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರನ್ನು ಚೆಲ್ಲುವುದು ಮೊದಲಾದ ಅಜಾಗರೂಕ ನಡತೆಯೇ ಅದು. ಅನರ್ಥದಂಡಗಳಲ್ಲಿ ಅದನ್ನು ಎಣಿಸಿದ್ದಾರೆ. ಡ್ರೈಕ್ಲೀನಿಂಗ್ ಅಂಗಡಿಯ ತಂದೆಯ ದೋಷ ಹೆಚ್ಚೆಂದರೆ ಈ ಬಗೆಯದು. ದೋಷವೇ ಅಲ್ಲವೆಂದು ಹೇಳುವಂತಿಲ್ಲ. ಆದರೆ ಇಂತಹ ಪ್ರಮಾದದ ಪರಿಣಾಮಕ್ಕಾಗಿಯೇ ಹೊಣೆಗಾರಿಕೆಯ ವಿಮೆ ಹುಟ್ಟಿದ್ದು. ತಿಳಿದು ಮಾಡಿದವನು ಕಡತದಿಂದ ಆ ಎಚ್ಚರಿಕೆಯ ಪತ್ರವನ್ನು ಕಿತ್ತು ಎಸೆದು ಪರಿಹಾರ ಕೇಳಿದರೆ, ಅವನು ಅದೇ ಸತ್ಯಾಣುವ್ರತದ ಇನ್ನೊಂದು ಅತಿಚಾರವಾದ ಕೂಟಲೇಖಕ್ರಿಯೆಯ ನೆರೆಯಲ್ಲಿ ನಿಲ್ಲುತ್ತಾನೆ.

ಇಂಡಿಯಾನಾದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಇನ್ನೂ ಮುಂದಕ್ಕೆ ಹೋಯಿತು. 1986ರ ಹೊತ್ತಿಗೆ ಕಂಪನಿಗಳು ಮಾಲಿನ್ಯವನ್ನು ಸಂಪೂರ್ಣವಾಗಿ ಹೊರಗಿಡುವ ಷರತ್ತನ್ನು ಪತ್ರಗಳಲ್ಲಿ ಸೇರಿಸಿಬಿಟ್ಟಿದ್ದವು. ಪೆಟ್ರೋಲ್ ಬಂಕೊಂದರಿಂದ ಪೆಟ್ರೋಲು ಸೋರಿದಾಗ ಕಂಪನಿಯು ಪರಿಹಾರ ಸಲ್ಲದೆಂದಿತು. ಪೆಟ್ರೋಲ್ ಮಾರುವವನಿಗೆ ಮಾರಿದ ಪಾಲಿಸಿಯಲ್ಲಿ ಪೆಟ್ರೋಲಿನ ಹೆಸರನ್ನೇ ಎತ್ತದೆ, ಮಾಲಿನ್ಯಕಾರಕವೆಂಬ ಸಡಿಲ ಶಬ್ದದಿಂದ ಅದನ್ನು ಹೊರಗಿಟ್ಟೆವೆಂದರೆ ಒಪ್ಪಲಾಗದೆಂದು ನ್ಯಾಯಾಲಯವು ಬಂಕಿನವನ ಪರವಾಗಿ ನಿಂತಿತು. ಪಾಲಿಸಿದಾರರಿಗೆ ಅನುಕೂಲವಾದ ರಾಜ್ಯವೆಂದು ಇಂಡಿಯಾನಾ ಹೆಸರಾದುದು ಈ ತೀರ್ಪಿನಿಂದಲೇ.

ಇನ್ನು ಹಣ ಕಟ್ಟಕಡೆಗೆ ಯಾರ ಜೇಬಿನಿಂದ ಬರುತ್ತದೆ ಎಂಬ ಪ್ರಶ್ನೆ. ಲಂಡನ್ನಿನ ಲಾಯ್ಡ್ಸ್ ಎಂಬ ವಿಮಾಪೇಟೆಯ ಅನುಭವವು ಇದಕ್ಕೆ ನೋವಿನ ಉತ್ತರ ಕೊಡುತ್ತದೆ. ಅಲ್ಲಿ ನೇಮ್ಸ್ ಎಂದು ಕರೆಯುವ ಸದಸ್ಯರು ತಮ್ಮ ಸರ್ವಸ್ವವನ್ನೂ ಒತ್ತೆಯಿಟ್ಟು ವಿಮೆಯ ಹೊಣೆ ಹೊರುತ್ತಿದ್ದರು. ಪ್ರತಿ ವರ್ಷದ ಲೆಕ್ಕವನ್ನು ಮೂರು ವರ್ಷಗಳ ಬಳಿಕ ಮುಗಿಸುವಾಗ ಹಿಂದಿನವರ ಉಳಿದ ಹೊಣೆಯನ್ನು ಒಂದಿಷ್ಟು ಹಣದೊಂದಿಗೆ ಮುಂದಿನವರಿಗೆ ವರ್ಗಾಯಿಸುವುದು ಅಲ್ಲಿಯ ಪದ್ಧತಿ. ಹೀಗಾಗಿ ದಶಕಗಳ ಹಿಂದಿನ ಪಾಲಿಸಿಗಳ ಆಸ್ಬೆಸ್ಟಾಸ್ ಮತ್ತು ಮಾಲಿನ್ಯದ ಹೊಣೆಗಳು 1980ರ ದಶಕದ ಕೊನೆಗೆ ಸಿಡಿದಾಗ, ಅವುಗಳ ಕಂತಿನ ಒಂದು ಕಾಸನ್ನೂ ಕಾಣದ ಹೊಸ ಸದಸ್ಯರು ಮನೆಮಠ ಕಳೆದುಕೊಂಡರು. 1988ರಿಂದ 1992ರವರೆಗಿನ ಒಟ್ಟು ನಷ್ಟ ಸುಮಾರು 800 ಕೋಟಿ ಪೌಂಡು. 1996ರಲ್ಲಿ ಹಳೆಯ ಹೊಣೆಗಳನ್ನೆಲ್ಲ ಈಕ್ವಿಟಾಸ್ ಎಂಬ ಪ್ರತ್ಯೇಕ ಸಂಸ್ಥೆಗೆ ಕಟ್ಟಿಹಾಕಿದ ಮೇಲೆಯೇ ಆ ಪೇಟೆ ಉಸಿರಾಡಿದ್ದು. ಹಳೆಯ ವಚನವನ್ನು ಪಾಲಿಸಬೇಕೆಂದು ಹೇಳುವವರು ಈ ಸದಸ್ಯರ ಮುಖಗಳನ್ನು ಮರೆಯಬಾರದು. ಆದರೂ ಅವರಿಗೆ ಅನ್ಯಾಯ ಮಾಡಿದವನು ನೆಲ ಶುದ್ಧವಾಗಲೆಂದು ಪರಿಹಾರ ಕೇಳಿದ ಅಂಗಡಿಕಾರನಲ್ಲ. ಮುಂದಿರುವ ಹೊಣೆಯ ಗಾತ್ರವನ್ನು ತಿಳಿಸದೆ ಅವರನ್ನು ಒಳಗೆ ಸೇರಿಸಿಕೊಂಡವರಾರೋ, ಆ ಪಾಪ ಅವರದು.

ಧರ್ಮಭೀರುವಾದ ಶ್ರಾವಕನಿಗೆ ಮತ್ತೊಂದು ಅಳುಕು ಬರುವುದು ಸಹಜ. ಮಾಡಿದವನೇ ಉಣ್ಣಬೇಕು, ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರಲಾರರು ಎಂಬುದು ಜಿನಶಾಸನದ ಅಚಲ ಮಾತು. ಹಾಗಿರುವಾಗ ತಾನು ಕೆಡಿಸಿದ ನೆಲವನ್ನು ಬೇರೆಯವರ ಹಣದಿಂದ ತೊಳೆಯಿಸುವುದು ಕರ್ಮವನ್ನು ಮಾರಿದಂತಾಗದೇ? ಇಲ್ಲಿ ಎರಡು ಲೆಕ್ಕಗಳು ಬೆರೆತುಹೋಗಿವೆ. ಕಂಪನಿಯು ಕೊಡುವುದು ಅರ್ಥವನ್ನು; ಪ್ರಮಾದದಿಂದಾದ ಬಂಧವು ಮಾಡಿದವನ ಆತ್ಮಪ್ರದೇಶದಲ್ಲಿಯೇ ಉಳಿಯುತ್ತದೆ, ಅದಕ್ಕೆ ಯಾವ ಪಾಲಿಸಿಯೂ ಇಲ್ಲ. ಇತ್ತ ಜಲಕಾಯಿಕ ಜೀವಗಳಿಗೂ ಆ ನೀರನ್ನು ಕುಡಿಯುವ ಮಕ್ಕಳಿಗೂ ಹಣ ಯಾರದೆಂಬುದು ಮುಖ್ಯವಲ್ಲ, ವಿಷ ನಿಂತಿತೇ ಎಂಬುದೇ ಮುಖ್ಯ. ಮಗಳು ಅಭಿಮಾನದಿಂದ ಪಾಲಿಸಿಯನ್ನು ಕೇಳದೆ ದಿವಾಳಿಯಾದರೆ ಪುಣ್ಯ ಬರುವುದಿಲ್ಲ, ನೆಲವೂ ಶುದ್ಧವಾಗುವುದಿಲ್ಲ. ಕೇಳುವುದೇ ಇಲ್ಲಿ ನೆರೆಯವರಿಗೆ ಸಲ್ಲಿಸಬೇಕಾದ ಋಣ.

ನಿಜವಾದ ಜಾರುದಾರಿ ಬೇರೊಂದು ಕಡೆ ಇದೆ. ಎಷ್ಟೋ ಸಲ ಕಂಪನಿಗಳು ವ್ಯಾಜ್ಯವನ್ನು ಬೆಳೆಸದೆ ಒಂದು ಇಡುಗಂಟನ್ನು ಕೊಟ್ಟು ಹಳೆಯ ಪಾಲಿಸಿಯನ್ನು ಹಿಂದಕ್ಕೆ ಕೊಂಡುಬಿಡುತ್ತವೆ. ಅಲ್ಲಿಗೆ ಆ ವಚನ ತೀರಿತು. ಈ ಹಣವನ್ನು ಪಡೆದವನು ಪೂರ್ತಿಯಾಗಿ ನೆಲಕ್ಕೆ ಹಾಕುತ್ತಾನೆಯೇ ಅಥವಾ ಅಧಿಕಾರಿಗಳು ಒತ್ತಾಯಿಸುವಷ್ಟನ್ನು ಮಾತ್ರ ಮಾಡಿ ಉಳಿದುದನ್ನು ಮನೆಗೆ ಒಯ್ಯುತ್ತಾನೆಯೇ? ಹಾಗೆ ಒಯ್ದರೆ ನ್ಯಾಸವು ಕಂಪನಿಯ ಪೆಟ್ಟಿಗೆಯಿಂದ ಅವನ ಪೆಟ್ಟಿಗೆಗೆ ಬಂದಿತೇ ಹೊರತು ಒಡೆಯನಿಗೆ ಸೇರಲಿಲ್ಲ. ಮೋರಿಯ ಕೆಳಗಿನ ಮಣ್ಣನ್ನು ತೆಗೆದು, ಆವಿಯನ್ನು ಹೀರಿ, ನೀರನ್ನು ಎತ್ತಿ ಸೋಸಿ, ವರ್ಷಗಟ್ಟಲೆ ಬಾವಿಗಳ ಮಾದರಿಯನ್ನು ಪರೀಕ್ಷಿಸುವ ಕೆಲಸ ಉಳಿದೇ ಇರುತ್ತದೆ. ಮೊದಲು ಸೋರಿಕೆಯನ್ನು ನಿಲ್ಲಿಸಿ ಬಳಿಕ ಇದ್ದುದನ್ನು ತೆಗೆಯಬೇಕೆಂದು ಅಲ್ಲಿಯ ಎಂಜಿನಿಯರರು ಹೇಳುವಾಗ, ಸಂವರವಿಲ್ಲದೆ ನಿರ್ಜರೆಯಿಂದ ಫಲವಿಲ್ಲವೆಂಬ ಪಾಠವನ್ನೇ ಬೇರೆ ಭಾಷೆಯಲ್ಲಿ ಕೇಳಿದಂತಾಗುತ್ತದೆ. ಪರ್ಕ್ ದ್ರವದ ಸಂವರವಂತೂ ಬಹಳ ತಡವಾಯಿತು. ಡ್ರೈಕ್ಲೀನಿಂಗ್ ಕಸಬಿನಿಂದ ಅದನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ತೆಗೆದುಹಾಕುವ ನಿಯಮವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹೊರಡಿಸಿದ್ದು 2024ರ ಡಿಸೆಂಬರಿನಲ್ಲಿ.

ಭಾರತದಲ್ಲಿ ಭೋಪಾಲದ ದುರಂತದ ಬಳಿಕ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮವು ಬಂದಿತು. ಅಪಾಯಕಾರಿ ವಸ್ತುಗಳಿಂದ ಅಪಘಾತವಾದಾಗ ನೊಂದವರಿಗೆ ತಡವಿಲ್ಲದೆ ಪರಿಹಾರ ಸಿಗಲೆಂಬುದು ಅದರ ಮುಖ್ಯೋದ್ದೇಶ. ನಲವತ್ತು ವರ್ಷಗಳ ಹಿಂದಿನ ಅಂಗಡಿಯ ಸೋರಿಕೆಯನ್ನು ಹಳೆಯ ಪಾಲಿಸಿಯಿಂದ ತೊಳೆಯಿಸುವ ಅಮೆರಿಕದ ರೂಢಿಯಂಥದು ಅದರಿಂದ ಹುಟ್ಟಿಲ್ಲ. ಆದರೆ ಭಾರತದಿಂದ ಅಮೆರಿಕಕ್ಕೆ ಹೋಗಿ ಮೋಟೆಲು, ಪೆಟ್ರೋಲ್ ಬಂಕು, ಅಂಗಡಿಸಾಲುಗಳನ್ನು ಕೊಂಡು ಬಾಳುತ್ತಿರುವ ಕುಟುಂಬಗಳು ಸಾವಿರಾರು, ಅವುಗಳಲ್ಲಿ ಜೈನರೂ ಇದ್ದಾರೆ. ಅಂತಹವರು ಕೊಂಡ ನೆಲದಲ್ಲಿ ಹಿಂದಿನವರ ವಿಷವಿದ್ದರೆ ಕಾನೂನು ಮೊದಲು ತಟ್ಟುವುದು ಇವರ ಬಾಗಿಲನ್ನು. ಕೊಳ್ಳುವ ಮೊದಲೇ ಶಾಸ್ತ್ರೋಕ್ತವಾಗಿ ವಿಚಾರಿಸಿದವರಿಗೆ ಕಾನೂನಿನಲ್ಲಿ ಒಂದಿಷ್ಟು ರಕ್ಷಣೆಯಿದೆ. ವಿಚಾರಿಸದವರಿಗೆ ಹಿಂದಿನ ಒಡೆಯನ ಪಾಲಿಸಿಯೇ ಆಸರೆಯಾಗಬಹುದು, ಅದನ್ನು ಪತ್ತೆಹಚ್ಚಲು ಸಾಧ್ಯವಾದರೆ.

ದೀಪಾವಳಿಯ ದಿನ ಲೆಕ್ಕದ ಪುಸ್ತಕವನ್ನು ಪೂಜಿಸುವ ವರ್ತಕರ ಮನೆಗಳಲ್ಲಿ ಅಜ್ಜನ ಕಾಲದ ಖಾತೆಗಳು ಅಟ್ಟದ ಮೇಲೆ ಗಂಟಿನಲ್ಲಿ ಉಳಿದಿರುವುದುಂಟು. ಗೆದ್ದಲು ಹಿಡಿಯದಿದ್ದರೆ ಹತ್ತಾರು ವರ್ಷ ಹಿಂದಿನ ಬಾಕಿಯೂ ಅವುಗಳಲ್ಲಿ ಸಿಕ್ಕುತ್ತದೆ. ಅಮೆರಿಕದಲ್ಲಿ ತೆರಿಗೆಯ ಕಾಗದಗಳನ್ನು ಏಳು ವರ್ಷ ಇಟ್ಟು ಹರಿದುಹಾಕುವುದು ಬಹುಮಂದಿಯ ವಾಡಿಕೆ. ಪಾಲಿಸಿಗಳೂ ಅವುಗಳ ಜೊತೆಗೇ ಹೋಗುತ್ತವೆ. ಸಂಪೂರ್ಣ ನಿಷೇಧದ ಷರತ್ತು ಬಂದ 1986ರ ಹಿಂದಿನ ಪತ್ರಗಳೇ ಇಲ್ಲಿ ಹೆಚ್ಚಾಗಿ ಉಪಯೋಗಕ್ಕೆ ಬರುವುವಾದ್ದರಿಂದ ಅವು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಅವುಗಳನ್ನು ಮಾರಿದ ದಲ್ಲಾಳಿಗಳು ಅಂಗಡಿ ಮುಚ್ಚಿದ್ದಾರೆ. ಕಂತು ಕಟ್ಟಿದ ನೆನಪಿರುವ ಗುಮಾಸ್ತರು ಎಂಬತ್ತು ದಾಟಿದ್ದಾರೆ. ಕಂಪನಿಯ ಉಗ್ರಾಣದಲ್ಲಿ ಪ್ರತಿ ಇದ್ದರೂ ಇರಬಹುದು. ಆದರೆ ಕೇಳಿದವನು ವರ್ಷವನ್ನೋ ಸಂಖ್ಯೆಯನ್ನೋ ಹೇಳಲಾರದೆ ತೊದಲಿದಾಗ, ಉಗ್ರಾಣದ ಕೀಲಿ ಇಟ್ಟುಕೊಂಡವನು ತಾನಾಗಿ ಒಳಗೆ ಹೋಗಿ ಹುಡುಕುತ್ತಾನೆಯೇ ಅಥವಾ ಇಲ್ಲವೆಂದು ಒಂದು ಸಾಲಿನ ಪತ್ರ ಬರೆದು ಕಳುಹಿಸುತ್ತಾನೆಯೇ ಎಂಬುದು ಆ ಮೇಜಿನ ಹಿಂದೆ ಕುಳಿತವನೊಬ್ಬನಿಗೇ ಗೊತ್ತಿರುತ್ತದೆ.